ಆಲ್ಬಂನಲ್ಲಿ ಇಲ್ಲದ ಕೋಣೆ

ಹಳೆಯ ಟ್ರಂಕಿನಿಂದ ಮನೆಯ ಫೋಟೊ ಆಲ್ಬಂ ತೆಗೆದು ಪುಟ ತಿರುವಿ ನೋಡಿ. ಮದುವೆಯ ಹಸೆಮಣೆ ಇರುತ್ತದೆ. ನಾಮಕರಣದ ತೊಟ್ಟಿಲು, ಗೃಹಪ್ರವೇಶದ ತೋರಣ, ಹೊಸದಾಗಿ ಕೊಂಡ ಸ್ಕೂಟರು ಎಲ್ಲವೂ ಇರುತ್ತವೆ. ಮನೆ ಮಂದಿಯೆಲ್ಲ ದಿನಕ್ಕೆ ನಾಲ್ಕಾರು ಬಾರಿ ಹೋಗಿ ಬರುವ ಒಂದು ಕೋಣೆ ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಅದು ಬಚ್ಚಲುಮನೆ. ಈ ಮಾತು ಮೈಸೂರಿನ ಆಲ್ಬಂಗೆ ಎಷ್ಟು ನಿಜವೋ ನ್ಯೂಯಾರ್ಕಿನ ಆಲ್ಬಂಗೂ ಅಷ್ಟೇ ನಿಜ.

ಸಿನಿಮಾದ ಕಲಾ ನಿರ್ದೇಶಕನಿಗೆ ಇದೊಂದು ದೊಡ್ಡ ತಲೆನೋವು. 1950ರ ದಶಕದ ಕಥೆಯೊಂದಕ್ಕೆ ಪಡಸಾಲೆ ಕಟ್ಟಬೇಕೆಂದರೆ ಆತನ ಬಳಿ ನೂರಾರು ಛಾಯಾಚಿತ್ರಗಳಿರುತ್ತವೆ. ಅಡುಗೆಮನೆಗೂ ಸಿಗುತ್ತವೆ. ಬಚ್ಚಲು ಕಟ್ಟಬೇಕೆಂದರೆ ಆಗಿನ ಜಾಹೀರಾತುಗಳು, ಕೊಳಾಯಿ ಸಾಮಾನಿನ ಕಂಪೆನಿಗಳ ಬೆಲೆಪಟ್ಟಿಗಳು, ಎಲ್ಲೋ ಅಳಿದುಳಿದ ಹಳೆಯ ಮನೆಗಳು ಇವಿಷ್ಟೇ ಆಧಾರ. ಜಾಹೀರಾತು ಹೇಳುವುದು ಅಂಗಡಿಯಲ್ಲಿ ಏನಿತ್ತು ಎಂಬುದನ್ನು. ಮನೆಯಲ್ಲಿ ಏನಿತ್ತು ಎಂಬುದು ಬೇರೆಯೇ ಕಥೆ.

ಆದರೂ ಅಮೆರಿಕದ ಚಲನಚಿತ್ರ ಮತ್ತು ಟಿ.ವಿ. ಧಾರಾವಾಹಿಗಳು ಕಳೆದ ಶತಮಾನದ ಮಧ್ಯಭಾಗದ ಬಚ್ಚಲನ್ನು ಮತ್ತೆ ಮತ್ತೆ ಕಟ್ಟಿವೆ. ಆ ಸೆಟ್‌ಗಳನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹಳೆಯ ಕಾಲದ ಬಚ್ಚಲನ್ನು ಸರಿಯಾಗಿ ಕಟ್ಟಲು ಟೈಲ್ಸ್ ಹುಡುಕುವುದಕ್ಕೂ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ಯಾವ ವರ್ಷ? ಯಾರ ಮನೆ? ಈ ಬಾಗಿಲಿನ ಹೊರಗೆ ನಿಂತವರು ಯಾರು?

ಎಲ್ಲರಿಗೂ ಇರಲಿಲ್ಲ

ಅಮೆರಿಕದ ಬಚ್ಚಲೆಂದರೆ ಹೊಳೆಯುವ ಟಬ್, ಬಿಸಿನೀರು ಸುರಿಯುವ ಷವರ್, ಒಂದು ಗುಂಡಿ ಅದುಮಿದರೆ ಸಾಕು ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಅಂಕಿಅಂಶ ಹೇಳುವುದು ಬೇರೆ. ಬಿಸಿ ಮತ್ತು ತಣ್ಣೀರಿನ ಕೊಳಾಯಿ, ಟಬ್ ಅಥವಾ ಷವರ್, ಫ್ಲಷ್ ಇರುವ ಕಮೋಡ್ ಈ ಮೂರೂ ಸೇರಿದರೆ ಅಲ್ಲಿನ ಜನಗಣತಿಯ ಲೆಕ್ಕದಲ್ಲಿ ಅದು ಪೂರ್ಣ ವ್ಯವಸ್ಥೆ. 1940ರಲ್ಲಿ ಅಮೆರಿಕದ ಸುಮಾರು ಶೇ 45ರಷ್ಟು ಮನೆಗಳಲ್ಲಿ ಇದು ಇರಲಿಲ್ಲ. 1950ರಲ್ಲಿ ಈ ಕೊರತೆ ಸುಮಾರು ಶೇ 35ಕ್ಕೆ ಇಳಿಯಿತು. 1960ರಲ್ಲಿ ಶೇ 17ರ ಹತ್ತಿರಕ್ಕೆ ಬಂತು.

ಅಂದರೆ ಇಂದು ಹಳೆಯ ಕಾಲದ ಸೊಬಗು ಎಂದು ನಾವು ಮೆಚ್ಚುವ ಆ ಬಚ್ಚಲು ಅಂದು ಹೊಸತರಲ್ಲಿ ಹೊಸತು. ಎಷ್ಟೋ ಕುಟುಂಬಗಳಿಗೆ ಅದು ಜೀವನದಲ್ಲಿ ಕಂಡ ಮೊದಲ ಸ್ವಂತ ಬಚ್ಚಲು. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದ ಮೇಲೆ ಲಕ್ಷಾಂತರ ಸೈನಿಕರು ಊರಿಗೆ ಮರಳಿದರು, ಮದುವೆಯಾದರು. ಅವರಿಗೆಲ್ಲ ಮನೆ ಬೇಕಿತ್ತು. ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡಿನಲ್ಲಿ 1947ರಿಂದ ಏಳತೊಡಗಿದ ಲೆವಿಟ್‌ಟೌನ್ ಎಂಬ ಬಡಾವಣೆಯಲ್ಲಿ ಒಂದೇ ಅಚ್ಚಿನ ಮನೆಗಳು ಸಾಲುಸಾಲಾಗಿ ಮೇಲೆದ್ದವು. 1951ರ ವೇಳೆಗೆ ಅವುಗಳ ಸಂಖ್ಯೆ 17,000 ದಾಟಿತ್ತು. ಎರಡು ಮಲಗುವ ಕೋಣೆಯ ಪುಟ್ಟ ಮನೆ, ಮನೆಗೊಂದೇ ಬಚ್ಚಲು.

ಆ ಬಚ್ಚಲು ಚಿಕ್ಕದು. ಗೋಡೆಯಿಂದ ಗೋಡೆಗೆ ಸರಿಯಾಗಿ ಕೂರುವ ಐದಡಿ ಉದ್ದದ ಟಬ್ಬೇ ಕೋಣೆಯ ಅಗಲವನ್ನು ನಿರ್ಧರಿಸುತ್ತಿತ್ತು. ಟಬ್, ಕಮೋಡ್, ವಾಷ್ ಬೇಸಿನ್ ಮೂರನ್ನೂ ಒಂದೇ ಗೋಡೆಯ ಕಡೆಗೆ ಜೋಡಿಸಿದರೆ ಕೊಳಾಯಿ ಕೆಲಸದ ಖರ್ಚು ಉಳಿಯುತ್ತಿತ್ತು. ಗೋಡೆಗೆ ನಾಲ್ಕೂಕಾಲು ಇಂಚಿನ ಚೌಕ ಟೈಲ್ಸ್, ಅದೂ ಎದೆಮಟ್ಟದವರೆಗೆ ಮಾತ್ರ. ಅದರ ತಲೆಯ ಮೇಲೆ ಕಪ್ಪು ಅಥವಾ ಬೇರೆ ಬಣ್ಣದ ತೆಳುವಾದ ಅಂಚುಪಟ್ಟಿ. ನೆಲಕ್ಕೆ ಆರು ಮೂಲೆಯ ಅಥವಾ ಚೌಕಾಕಾರದ ಪುಟಾಣಿ ಟೈಲ್ಸ್. ಸೋಪು ಇಡಲು ಗೋಡೆಯೊಳಗೇ ಹುದುಗಿಸಿದ ಗೂಡು.

ಕನ್ನಡಿ ಬಾಗಿಲಿನ ಔಷಧಿ ಗೂಡಿನ ಹಿಂಬದಿಯಲ್ಲಿ ಒಂದು ಸಣ್ಣ ಸೀಳು ಇರುತ್ತಿತ್ತು. ಕ್ಷೌರ ಮುಗಿದ ಮೇಲೆ ಹಳೆಯ ಬ್ಲೇಡನ್ನು ಆ ಸೀಳಿನೊಳಗೆ ತೂರಿಸುವುದು. ಅದು ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಇಲ್ಲ! ಗೋಡೆಯ ಪೊಳ್ಳಿನೊಳಗೆ ಬಿದ್ದು ಅಲ್ಲೇ ಇರುತ್ತದೆ. ಇಂದಿಗೂ ಅಂಥ ಮನೆಗಳನ್ನು ರಿಪೇರಿಗೆಂದು ಒಡೆದಾಗ ಗೋಡೆಯೊಳಗಿನಿಂದ ತುಕ್ಕು ಹಿಡಿದ ಬ್ಲೇಡುಗಳ ರಾಶಿ ಸುರಿಯುವುದುಂಟು. ಜಾಣ ಕಲಾ ನಿರ್ದೇಶಕ ಇಂಥ ಸೀಳನ್ನು ಮರೆಯುವುದಿಲ್ಲ. ಪ್ರೇಕ್ಷಕನ ಕಣ್ಣಿಗೆ ಅದು ಬೀಳದೇ ಇರಬಹುದು. ಆದರೆ ಕ್ಷೌರದ ದೃಶ್ಯದಲ್ಲಿ ನಟನ ಕೈಗೆ ಮಾಡಲು ಒಂದು ಕೆಲಸ ಸಿಗುತ್ತದೆ. ಆ ಕೈಚಲನೆಯೇ ಕಾಲವನ್ನು ಹೇಳಿಬಿಡುತ್ತದೆ.

ಗುಲಾಬಿಯ ದಶಕ

ಇನ್ನು ಬಣ್ಣದ ಮಾತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಚ್ಚಲೆಂದರೆ ಆಸ್ಪತ್ರೆಯಂಥ ಬಿಳುಪು. ರೋಗಾಣುಗಳ ಬಗ್ಗೆ ಹೊಸದಾಗಿ ತಿಳಿದಿದ್ದ ಜನರಿಗೆ ಕೊಳೆ ಎಲ್ಲಿದ್ದರೂ ಕಾಣಬೇಕು ಎಂಬ ಹಟ. 1927ರಲ್ಲಿ ಕೋಹ್ಲರ್ ಕಂಪೆನಿ ಬಣ್ಣಬಣ್ಣದ ಟಬ್, ಬೇಸಿನ್, ಕಮೋಡುಗಳನ್ನು ಮಾರುಕಟ್ಟೆಗೆ ತಂದಿತು. ಆದರೆ ಬೆನ್ನಲ್ಲೇ ಆರ್ಥಿಕ ಕುಸಿತ, ನಂತರ ಯುದ್ಧ. ಬಣ್ಣ ಸಾಮಾನ್ಯರ ಮನೆಗೆ ಬಂದದ್ದು 1950ರ ದಶಕದಲ್ಲಿ.

ಆ ದಶಕದ ರಾಣಿ ಗುಲಾಬಿ. 1953ರ ಜನವರಿಯಲ್ಲಿ ಡ್ವೈಟ್ ಐಸೆನ್‌ಹೋವರ್ ಅಧ್ಯಕ್ಷರಾದಾಗ ಅವರ ಪತ್ನಿ ಮೇಮಿ ಉಟ್ಟದ್ದು ಗುಲಾಬಿ ಬಣ್ಣದ ಗೌನು. ಶ್ವೇತಭವನದ ತಮ್ಮ ಖಾಸಗಿ ಕೋಣೆಗಳನ್ನೂ ಆಕೆ ಗುಲಾಬಿಯಲ್ಲೇ ತುಂಬಿಸಿದರು. ‘ಮೇಮಿ ಗುಲಾಬಿ’ ಎಂಬ ಹೆಸರೇ ಹುಟ್ಟಿಕೊಂಡಿತು. ಯುದ್ಧಕಾಲದ ಖಾಕಿ, ಬೂದು ಬಣ್ಣಗಳಿಂದ ಬೇಸತ್ತಿದ್ದ ಗೃಹಿಣಿಯರಿಗೆ ಇದು ಹಬ್ಬದಂತೆ ಕಂಡಿರಬೇಕು. ಗುಲಾಬಿ ಟಬ್, ಗುಲಾಬಿ ಟೈಲ್ಸ್, ನಡುವೆ ಕಪ್ಪು ಅಂಚು. ಗುಲಾಬಿಯ ಜೊತೆಗೆ ತಿಳಿಹಸಿರು, ತಿಳಿನೀಲಿ, ಹಳದಿಗಳೂ ಇದ್ದವು.

ಇಲ್ಲಿಯೇ ಸೆಟ್ ಕಟ್ಟುವವರು ಎಡವುವುದು. ಹಳೆಯ ಕಾಲ ಎಂದ ಕೂಡಲೇ ಬೆಣ್ಣೆಹಣ್ಣಿನ ಹಸಿರು, ಮಾಗಿದ ಪೈರಿನ ಹೊಂಬಣ್ಣ ಬಳಿದುಬಿಡುತ್ತಾರೆ. ಆ ಬಣ್ಣಗಳು ಅಮೆರಿಕದ ಮನೆಗಳಿಗೆ ನುಗ್ಗಿದ್ದು 1960ರ ದಶಕದ ಕೊನೆಯಲ್ಲಿ ಮತ್ತು 70ರ ದಶಕದಲ್ಲಿ. 1955ರ ಕಥೆಯಲ್ಲಿ ಬೆಣ್ಣೆಹಣ್ಣಿನ ಬಣ್ಣದ ಕಮೋಡ್ ಇಡುವುದೆಂದರೆ, ನಮ್ಮ ಸ್ವಾತಂತ್ರ್ಯ ಹೋರಾಟದ ಚಿತ್ರದಲ್ಲಿ ಪಾತ್ರಧಾರಿಯ ಕೈಗೆ ಪ್ಲಾಸ್ಟಿಕ್ ಕೊಡ ಕೊಟ್ಟ ಹಾಗೆ.

ಇದಕ್ಕಿಂತ ಸೂಕ್ಷ್ಮವಾದ ತಪ್ಪು ಇನ್ನೊಂದಿದೆ. 1955ರ ಮನೆಯೆಂದರೆ ಎಲ್ಲ ವಸ್ತುಗಳೂ 1955ರವೇ ಆಗಿರಬೇಕು ಎಂದು ಭಾವಿಸುವುದು. ನಿಜವಾದ ಮನೆ ಹಾಗಿರುತ್ತದೆಯೇ? ನಮ್ಮ ಮನೆಗಳನ್ನೇ ನೋಡಿ. ಅಜ್ಜಿಯ ಕಾಲದ ಹಿತ್ತಾಳೆ ತಂಬಿಗೆ, ಅಪ್ಪ ಹಾಕಿಸಿದ ನಲ್ಲಿ, ಮೊನ್ನೆ ತಂದ ಮಗ್ಗು ಒಂದೇ ಕಟ್ಟೆಯ ಮೇಲೆ ಕುಳಿತಿರುತ್ತವೆ. 1920ರಲ್ಲಿ ಕಟ್ಟಿದ ಮನೆಯ ಬಚ್ಚಲು 1955ರಲ್ಲೂ 1920ರ ಕಾಲುಳ್ಳ ಟಬ್ಬನ್ನೇ ಇಟ್ಟುಕೊಂಡಿರುತ್ತದೆ. ಬದಲಾಗಿರುವುದು ಪರದೆ, ಟವೆಲು, ಹಲ್ಲುಪೇಸ್ಟಿನ ಟ್ಯೂಬು ಅಷ್ಟೆ. ಎಲ್ಲವೂ ಹೊಚ್ಚ ಹೊಸದಾಗಿ ಹೊಂದಿಕೊಂಡಿದ್ದರೆ ಅದು ಅಂಗಡಿಯ ಪ್ರದರ್ಶನದ ಕೋಣೆಯಂತೆ ಕಾಣುತ್ತದೆ. ಅದಕ್ಕೇ ನುರಿತವರು ಟೈಲ್ಸ್ ಸಂದಿಗೆ ಚಹಾ ಬಣ್ಣ ಸವರುತ್ತಾರೆ, ನಲ್ಲಿಯ ಕೆಳಗೆ ತುಕ್ಕಿನ ಗೆರೆ ಎಳೆಯುತ್ತಾರೆ, ಸೋಪನ್ನು ಮೊದಲೇ ಸವೆಸಿ ಇಡುತ್ತಾರೆ.

ಹಿಚ್‌ಕಾಕ್‌ನ ಬಿಳಿ ಬಚ್ಚಲು

ಚಲನಚಿತ್ರದ ಇತಿಹಾಸದಲ್ಲಿ ಅತ್ಯಂತ ಪ್ರಸಿದ್ಧವಾದ ಬಚ್ಚಲು ಯಾವುದು? ಆಲ್ಫ್ರೆಡ್ ಹಿಚ್‌ಕಾಕ್‌ನ ‘ಸೈಕೊ’ ಚಿತ್ರದ್ದು ಎಂಬುದರಲ್ಲಿ ಅನುಮಾನವಿಲ್ಲ. 1960ರಲ್ಲಿ ಬಿಡುಗಡೆಯಾದ ಆ ಚಿತ್ರಕ್ಕೆ ಅದು ಹಳೆಯ ಕಾಲದ ಸೆಟ್ ಆಗಿರಲಿಲ್ಲ, ಆ ಕಾಲದ್ದೇ ಸೆಟ್. ಆದ್ದರಿಂದಲೇ ನಂತರದವರಿಗೆ ಅದು ಪಾಠದಂತಿದೆ.

ಕಥೆ ಅನೇಕರಿಗೆ ಗೊತ್ತು. ಕಚೇರಿಯ 40,000 ಡಾಲರ್ ಕದ್ದ ಮೇರಿಯನ್ ಎಂಬ ಹೆಣ್ಣುಮಗಳು ಮಳೆಯ ರಾತ್ರಿಯಲ್ಲಿ ಹೆದ್ದಾರಿ ಪಕ್ಕದ ಒಂದು ಮೋಟೆಲಿನಲ್ಲಿ ತಂಗುತ್ತಾಳೆ. ಷವರ್ ಅಡಿಯಲ್ಲಿ ನಿಂತಾಗ ಕೊಲೆಯಾಗುತ್ತಾಳೆ. ಜಾನೆಟ್ ಲೀ ಮಾಡಿದ ಆ ಪಾತ್ರ, ಆಂಟನಿ ಪರ್ಕಿನ್ಸ್ ಮಾಡಿದ ಮೋಟೆಲ್ ಮಾಲೀಕ ನಾರ್ಮನ್ ಪಾತ್ರ ಎರಡೂ ಸಿನಿಮಾ ಪ್ರಿಯರ ನೆನಪಿನಲ್ಲಿ ಅಚ್ಚೊತ್ತಿವೆ.

ಸುಮಾರು ಎಂಟು ಲಕ್ಷ ಡಾಲರುಗಳ ಸಣ್ಣ ಬಜೆಟ್ಟು. ಹಿಚ್‌ಕಾಕ್ ತನ್ನ ಟಿ.ವಿ. ಧಾರಾವಾಹಿಯ ತಂತ್ರಜ್ಞರನ್ನೇ ಹೆಚ್ಚಾಗಿ ಬಳಸಿಕೊಂಡ. ಜೋಸೆಫ್ ಹರ್ಲಿ ಮತ್ತು ರಾಬರ್ಟ್ ಕ್ಲಾಟ್‌ವರ್ದಿ ಕಲಾ ನಿರ್ದೇಶಕರು, ಸೆಟ್ ಅಲಂಕಾರ ಜಾರ್ಜ್ ಮಿಲೊ ಅವರದು. ಮೂವರೂ ಆಸ್ಕರ್‌ಗೆ ನಾಮಕರಣಗೊಂಡರು ಎಂದರೆ ಆ ಪುಟ್ಟ ಕೋಣೆಯ ತೂಕ ಗೊತ್ತಾಗುತ್ತದೆ.

ಚಿತ್ರದ ಉಳಿದೆಡೆ ಬಹುಮಟ್ಟಿಗೆ ನೆರಳು. ಗುಡ್ಡದ ಮೇಲೆ ಕಪ್ಪಗೆ ನಿಂತ ಹಳೆಯ ಮನೆ, ಕಚೇರಿಯ ಹಿಂದಿನ ಕೋಣೆಯಲ್ಲಿ ಸತ್ತ ಹಕ್ಕಿಗಳ ಗೊಂಬೆಗಳು. ಬಚ್ಚಲು ಮಾತ್ರ ಕಣ್ಣು ಕೋರೈಸುವಷ್ಟು ಬಿಳಿ. ಬಿಳಿ ಟೈಲ್ಸ್, ಬಿಳಿ ಟಬ್, ಹೊಳೆಯುವ ಕ್ರೋಮಿಯಂ ನಲ್ಲಿಗಳು. ದುಡ್ಡು ಹಿಂತಿರುಗಿಸಲು ಮೇರಿಯನ್ ಮನಸ್ಸು ಮಾಡಿದ ಮೇಲೆ ಅಲ್ಲಿಗೆ ಕಾಲಿಡುತ್ತಾಳೆ. ತಪ್ಪನ್ನು ತೊಳೆದುಕೊಳ್ಳಲು ಬಂದವಳಂತೆ ನೀರಿಗೆ ಮುಖವೊಡ್ಡುತ್ತಾಳೆ. ಇಡೀ ಚಿತ್ರದಲ್ಲಿ ಸುರಕ್ಷಿತವೆಂದು ತೋರುವ ಜಾಗ ಅದೊಂದೇ. ಭಯ ಹುಟ್ಟುವುದೇ ಆ ನಂಬಿಕೆ ಮುರಿದಾಗ. ಕತ್ತಲೆಯಲ್ಲಿ ಕೊಲೆ ನಡೆಯುವುದನ್ನು ಪ್ರೇಕ್ಷಕರು ಮೊದಲೂ ನೋಡಿದ್ದರು. ಶುಚಿತ್ವದ ನಡುವೆ ನಡೆದದ್ದು ಹೊಸದಾಗಿತ್ತು.

ಕೊಲೆಯ ನಂತರ ಬರುವ ದೃಶ್ಯದ ಬಗ್ಗೆ ಜನ ಅಷ್ಟಾಗಿ ಮಾತನಾಡುವುದಿಲ್ಲ. ನಾರ್ಮನ್ ಬಂದು ಬಚ್ಚಲನ್ನು ಸ್ವಚ್ಛ ಮಾಡುತ್ತಾನೆ. ಹೆಣವನ್ನು ಷವರಿನ ಪರದೆಯಲ್ಲೇ ಸುತ್ತುತ್ತಾನೆ. ಬಕೆಟ್ಟು, ಒರೆಸುವ ಕೋಲು ತಂದು ಟಬ್ಬು, ಗೋಡೆ, ನೆಲ ಎಲ್ಲವನ್ನೂ ಸಾವಧಾನವಾಗಿ ತೊಳೆದು ಒರೆಸುತ್ತಾನೆ. ಕ್ಯಾಮೆರಾ ಅವಸರಿಸುವುದಿಲ್ಲ. ಕೊನೆಗೆ ಬಿಳಿ ಬಚ್ಚಲು ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಬಿಳಿಯಾಗಿ ನಿಲ್ಲುತ್ತದೆ. ಕೊಲೆಗಿಂತ ಭಯಂಕರವಾದದ್ದು ಬಹುಶಃ ಆ ಬಿಳುಪೇ.

ಫ್ಲಷ್ ಮಾಡಿದ ಕ್ರಾಂತಿ

ಸೈಕೊ ಚಿತ್ರದ ಬಚ್ಚಲಿನಲ್ಲಿ ಇನ್ನೊಂದು ಸಾಹಸವಿದೆ. ಮೇರಿಯನ್ ಸ್ನಾನಕ್ಕೆ ಮೊದಲು ಚೀಟಿಯಲ್ಲಿ ಲೆಕ್ಕ ಬರೆಯುತ್ತಾಳೆ. 40,000ದಲ್ಲಿ ಕಾರಿಗೆ ಕೊಟ್ಟ 700 ಕಳೆದರೆ ಎಷ್ಟು ಎಂದು. ನಂತರ ಚೀಟಿ ಹರಿದು ಕಮೋಡಿಗೆ ಹಾಕಿ ಫ್ಲಷ್ ಮಾಡುತ್ತಾಳೆ. ಕಮೋಡೂ ಕಾಣುತ್ತದೆ, ನೀರಿನ ಸದ್ದೂ ಕೇಳುತ್ತದೆ. ಅಮೆರಿಕದ ಮುಖ್ಯಧಾರೆಯ ಚಿತ್ರಗಳಲ್ಲಿ ಕಮೋಡ್ ಫ್ಲಷ್ ಆಗುವುದನ್ನು ಹೀಗೆ ತೋರಿಸಿದ್ದು ಇದೇ ಮೊದಲು ಎನ್ನಲಾಗುತ್ತದೆ.

ಇದರಲ್ಲೇನು ದೊಡ್ಡದು ಎಂದು ಇಂದು ಅನ್ನಿಸಬಹುದು. ಆ ಕಾಲದ ಮಡಿವಂತಿಕೆ ಎಂಥದಿತ್ತು ಎಂಬುದಕ್ಕೆ ಎರಡು ಉದಾಹರಣೆ ಸಾಕು. 1957ರ ಅಕ್ಟೋಬರಿನಲ್ಲಿ ‘ಲೀವ್ ಇಟ್ ಟು ಬೀವರ್’ ಎಂಬ ಟಿ.ವಿ. ಧಾರಾವಾಹಿಯ ಒಂದು ಕಂತಿನಲ್ಲಿ ಇಬ್ಬರು ಹುಡುಗರು ಮೊಸಳೆ ಮರಿಯೊಂದನ್ನು ತರಿಸಿ ಕಮೋಡಿನ ನೀರಿನ ತೊಟ್ಟಿಯಲ್ಲಿ ಬಚ್ಚಿಡುತ್ತಾರೆ. ಅದನ್ನು ತೋರಿಸಲು ಬಹಳ ಚೌಕಾಸಿ ನಡೆಯಿತು. ಕೊನೆಗೆ ತೊಟ್ಟಿಯನ್ನಷ್ಟೇ ತೋರಿಸಲಾಯಿತು, ಅದರ ಕೆಳಗಿನ ಭಾಗವನ್ನು ತೋರಿಸಲಿಲ್ಲ! 1960ರ ಫೆಬ್ರುವರಿಯಲ್ಲಿ ಎನ್‌ಬಿಸಿ ವಾಹಿನಿಯು ನಿರೂಪಕ ಜ್ಯಾಕ್ ಪಾರ್ ಹೇಳಿದ, ಶೌಚಾಲಯದ ಇಂಗ್ಲಿಷ್ ಸಂಕ್ಷಿಪ್ತ ಹೆಸರಿನ ಮೇಲಿನ ನಗೆಹನಿಯೊಂದನ್ನು ಕತ್ತರಿಸಿತು. ಸಿಟ್ಟಿಗೆದ್ದ ಆತ ಮಾರನೆಯ ದಿನ ಕಾರ್ಯಕ್ರಮದ ನಡುವೆಯೇ ಎದ್ದು ಹೊರಟುಹೋದ. ಸುಮಾರು ಒಂದು ತಿಂಗಳು ಹಿಂತಿರುಗಲಿಲ್ಲ.

ಹಿಚ್‌ಕಾಕ್ ಈ ಸಂಕೋಚವನ್ನು ಕಥೆಯೊಳಗೇ ತಂದ. ನಾರ್ಮನ್ ಅತಿಥಿಗೆ ಕೋಣೆ ತೋರಿಸುವಾಗ ಎಲ್ಲದರ ಹೆಸರನ್ನೂ ಹೇಳುತ್ತಾನೆ, ಬಚ್ಚಲಿನ ಕಡೆ ಕೈ ಮಾಡಿದಾಗ ಮಾತ್ರ ತಡವರಿಸುತ್ತಾನೆ. ಆ ಪದವನ್ನು ಮೇರಿಯನ್ನಳೇ ಹೇಳಿಕೊಡಬೇಕಾಗುತ್ತದೆ. ಇನ್ನು ಆ ಫ್ಲಷ್ ಬರೀ ಕುಚೇಷ್ಟೆಗಾಗಿ ಇಟ್ಟದ್ದಲ್ಲ. ಹರಿದ ಚೀಟಿಯ ಒಂದು ಚೂರು ಕೊಚ್ಚಿಹೋಗದೆ ಉಳಿದಿರುತ್ತದೆ. ಅಕ್ಕನನ್ನು ಹುಡುಕಿ ಬರುವ ತಂಗಿಗೆ ಅದೇ ಸುಳಿವು. ಸೆಟ್ಟಿನ ವಸ್ತುವೊಂದು ಕಥೆಯ ಸಾಕ್ಷಿಯೂ ಆಗುವುದೆಂದರೆ ಇದೇ.

ಗೋಡೆ ಕಳಚುವ ಕೋಣೆ

ಐದಡಿ ಟಬ್ಬಿನ ಕೋಣೆಯೊಳಗೆ ಕ್ಯಾಮೆರಾ, ದೀಪಗಳು, ಹತ್ತಾರು ಜನ ಹಿಡಿಸುವುದು ಹೇಗೆ? ನಿಜವಾದ ಬಚ್ಚಲಿನಲ್ಲಿ ಚಿತ್ರೀಕರಣ ನಡೆಸುವುದು ಬಹಳ ಕಷ್ಟ. ಆದ್ದರಿಂದಲೇ ಸ್ಟುಡಿಯೊದಲ್ಲಿ ಗೋಡೆಗಳನ್ನು ಕಳಚಲು ಬರುವಂತೆ ಕಟ್ಟುತ್ತಾರೆ. ಸೈಕೊ ಬಚ್ಚಲಿನ ಗೋಡೆಗಳೂ ಹಾಗೇ ಇದ್ದವು. ಬೇಕಾದ ಗೋಡೆ ತೆಗೆದು ಅಲ್ಲಿ ಕ್ಯಾಮೆರಾ ನಿಲ್ಲಿಸುವುದು, ಷಾಟ್ ಮುಗಿದ ಮೇಲೆ ಮತ್ತೆ ಜೋಡಿಸುವುದು. ಮುಕ್ಕಾಲು ನಿಮಿಷದ ಕೊಲೆಯ ಆ ದೃಶ್ಯಕ್ಕೆ 1959ರ ಡಿಸೆಂಬರಿನಲ್ಲಿ ಏಳು ದಿನ ಹಿಡಿಯಿತು. 78 ಕೋನಗಳಿಂದ ಚಿತ್ರೀಕರಿಸಿ 52 ತುಣುಕುಗಳಾಗಿ ಜೋಡಿಸಲಾಯಿತು ಎಂಬುದು ಒಂದು ಲೆಕ್ಕ. 2017ರಲ್ಲಿ ಈ ದೃಶ್ಯವೊಂದರ ಮೇಲೆಯೇ ಬಂದ ಸಾಕ್ಷ್ಯಚಿತ್ರದ ಹೆಸರು ‘78/52’.

ಷವರಿನ ಬಾಯಿಯನ್ನು ನೇರವಾಗಿ ಕೆಳಗಿನಿಂದ ತೋರಿಸುವ ಷಾಟ್ ಒಂದಿದೆ. ನೀರು ಕ್ಯಾಮೆರಾದ ಮೇಲೆ ಬೀಳಬೇಕಲ್ಲವೇ? ಷವರಿನ ನಡುವಿನ ತೂತುಗಳನ್ನು ಮುಚ್ಚಿ, ಉದ್ದನೆಯ ಲೆನ್ಸ್ ಹಾಕಿ, ಕ್ಯಾಮೆರಾವನ್ನು ದೂರ ಇಟ್ಟರು. ನೀರು ಲೆನ್ಸಿನ ಸುತ್ತ ಹಾದುಹೋಯಿತು, ನೋಡುವವರಿಗೆ ಮುಖದ ಮೇಲೇ ಸುರಿದಂತೆ ಕಂಡಿತು. ರಕ್ತವಾಗಿ ಹರಿದದ್ದು ಚಾಕೊಲೇಟ್ ದ್ರಾವಣ. ಚೂರಿ ಇರಿತದ ಸದ್ದಿಗೆ ಖರ್ಬೂಜದ ಜಾತಿಯ ಹಣ್ಣನ್ನು ಇರಿದರು. ಚಿತ್ರ ಕಪ್ಪು ಬಿಳುಪಿನಲ್ಲಿದ್ದುದರಿಂದ ಇದೆಲ್ಲ ಸಾಧ್ಯವಾಯಿತು. 1998ರಲ್ಲಿ ಗಸ್ ವ್ಯಾನ್ ಸ್ಯಾಂಟ್ ಇದೇ ಚಿತ್ರವನ್ನು ಬಹುತೇಕ ಷಾಟಿಗೆ ಷಾಟ್ ಅನುಸರಿಸಿ ವರ್ಣದಲ್ಲಿ ತೆಗೆದ. ರಕ್ತ ಕೆಂಪಾಗಿಯೇ ಕಂಡಿತು, ಮೊದಲಿನ ಭಯ ಮಾತ್ರ ಹುಟ್ಟಲಿಲ್ಲ.

ಸ್ಟುಡಿಯೊ ಬಚ್ಚಲಿಗೆ ಅದರದೇ ಆದ ಉಪಾಯಗಳಿವೆ. ಟೈಲ್ಸ್ ಎಂದು ಕಾಣುವುದು ಎಷ್ಟೋ ವೇಳೆ ಅಚ್ಚು ಹಾಕಿದ ಪ್ಲಾಸ್ಟಿಕ್ ಹಾಳೆ. ಕನ್ನಡಿಯಲ್ಲಿ ಕ್ಯಾಮೆರಾ ಕಾಣಬಾರದೆಂದು ಅದನ್ನು ಕೂದಲೆಳೆಯಷ್ಟು ಓರೆ ಮಾಡುತ್ತಾರೆ. ಕ್ರೋಮಿಯಂ ಹೆಚ್ಚು ಹೊಳೆದರೆ ಮಸುಕು ಮಾಡುವ ದ್ರವ ಸಿಂಪಡಿಸುತ್ತಾರೆ. ಇದೆಲ್ಲ ಕಸುಬಿನ ಮಾತು, ಕಲಿತರೆ ಬರುತ್ತದೆ.

ಬಾಗಿಲಿನ ಎರಡು ಕಡೆ

ಕಲಿಯಲು ಕಷ್ಟವಾದದ್ದು ಮೂರನೆಯ ಪ್ರಶ್ನೆ. ಈ ಬಾಗಿಲಿನ ಒಳಗೆ ಯಾರು, ಹೊರಗೆ ಯಾರು?

1958ರ ನ್ಯೂಯಾರ್ಕಿನಲ್ಲಿ ಆರಂಭವಾಗುವ ‘ದಿ ಮಾರ್ವೆಲಸ್ ಮಿಸೆಸ್ ಮೈಸೆಲ್’ ಧಾರಾವಾಹಿಯ (2017) ಮೊದಲ ಕಂತಿನಲ್ಲಿ ಮನ ತಟ್ಟುವ ಒಂದು ದೃಶ್ಯವಿದೆ. ಗಂಡ ನಿದ್ದೆ ಹೋಗುವುದನ್ನೇ ಕಾದ ನಾಯಕಿ ಮೆಲ್ಲಗೆದ್ದು ಬಚ್ಚಲಿಗೆ ಹೋಗುತ್ತಾಳೆ. ಬಣ್ಣ ಅಳಿಸಿ, ಮುಖಕ್ಕೆ ಕ್ರೀಮು ಬಳಿದು, ಕೂದಲಿಗೆ ಸುರುಳಿ ಕಟ್ಟಿ ಬಂದು ಮಲಗುತ್ತಾಳೆ. ಬೆಳಿಗ್ಗೆ ಅವನು ಏಳುವ ಮುನ್ನವೇ ಎದ್ದು ಮತ್ತೆ ಸಿಂಗರಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಹಾಸಿಗೆಗೆ ಮರಳುತ್ತಾಳೆ. ನಮ್ಮ ಯಕ್ಷಗಾನದ ವೇಷಧಾರಿಗೆ ಚೌಕಿ ಹೇಗೋ ಆಕೆಗೆ ಬಚ್ಚಲು ಹಾಗೆ. ಅಲ್ಲಿನ ಡಬ್ಬಿ, ಬಾಟಲಿ, ಕನ್ನಡಿಗಳು ಅಲಂಕಾರಕ್ಕಿಟ್ಟವಲ್ಲ. ಹೆಣ್ಣಿನ ದಾಂಪತ್ಯದ ದುಡಿಮೆಯ ಉಪಕರಣಗಳು ಅವು.

ಎರಡನೆಯದು ‘ಹಿಡನ್ ಫಿಗರ್ಸ್’ (2016). 1961ರ ಸುಮಾರಿನಲ್ಲಿ ವರ್ಜೀನಿಯಾದ ಬಾಹ್ಯಾಕಾಶ ಕೇಂದ್ರದಲ್ಲಿ ಲೆಕ್ಕ ಮಾಡುತ್ತಿದ್ದ ಕಪ್ಪು ಮಹಿಳೆಯರ ಕಥೆ. ಗಣಿತಜ್ಞೆ ಕ್ಯಾಥರಿನ್ ಜಾನ್ಸನ್ ಕೆಲಸ ಮಾಡುವ ಕಟ್ಟಡದಲ್ಲಿ ಕಪ್ಪು ಜನರಿಗೆ ಶೌಚಾಲಯವಿಲ್ಲ. ಫೈಲುಗಳನ್ನು ಎದೆಗವಚಿಕೊಂಡು ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಆಕೆ ದೂರದ ಇನ್ನೊಂದು ಕಟ್ಟಡಕ್ಕೆ ಓಡುತ್ತಾಳೆ. ಚಿತ್ರದ ಓಟದಲ್ಲಿ ಕಲ್ಪನೆ ಬೆರೆತಿದೆ. ಫಲಕವಿಲ್ಲದ ಶೌಚಾಲಯವನ್ನೇ ತಾನು ಬಳಸುತ್ತಿದ್ದುದಾಗಿ ಜಾನ್ಸನ್ ಹೇಳಿದ್ದರು. ಅಂಥ ಅವಮಾನ ಅನುಭವಿಸಿದ್ದು ಸಹೋದ್ಯೋಗಿ ಮೇರಿ ಜ್ಯಾಕ್ಸನ್. ಫಲಕಗಳಂತೂ ನಿಜವಾಗಿದ್ದವು. ಸಾರ್ವಜನಿಕ ಸ್ಥಳಗಳಲ್ಲಿ ಇಂಥ ವಿಂಗಡಣೆಯನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು 1964ರಲ್ಲಿ. ಮೊದಲು ಹೇಳಿದ ಲೆವಿಟ್‌ಟೌನಿನ ಕರಾರುಪತ್ರಗಳೂ ಬಿಳಿಯರಲ್ಲದವರನ್ನು ದೂರವಿಟ್ಟಿದ್ದವು. ಗುಲಾಬಿ ಟೈಲ್ಸಿನ ಮೋಹಕ ಚಿತ್ರದ ಅಂಚಿನಲ್ಲಿ ಈ ಫಲಕವೂ ನೇತಾಡುತ್ತಿತ್ತು.

ಮೂರನೆಯದು ಗಿಲೆರ್ಮೊ ಡೆಲ್ ಟೊರೊ ನಿರ್ದೇಶಿಸಿದ ‘ದಿ ಷೇಪ್ ಆಫ್ ವಾಟರ್’ (2017). 1962ರ ಬಾಲ್ಟಿಮೋರ್ ನಗರ. ಮಾತು ಬಾರದ ನಾಯಕಿ ಎಲೈಸಾ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಗುಡಿಸಿ ಒರೆಸುವವಳು. ಅಲ್ಲಿ ಶೌಚಾಲಯ ತೊಳೆಯುವಾಗ ಅಧಿಕಾರಿಗೆ ಆಕೆ ಇದ್ದೂ ಇಲ್ಲದವಳು. ಚಿತ್ರಮಂದಿರದ ಮೇಲಿನ ತನ್ನ ಪುಟ್ಟ ಮನೆಯಲ್ಲಿ ಮಾತ್ರ ಅವಳದೇ ಒಂದು ಹಳೆಯ ಟಬ್. ದಿನವೂ ಮೊಟ್ಟೆ ಬೇಯಲಿಟ್ಟು ಅದು ಬೇಯುವಷ್ಟು ಹೊತ್ತು ಸ್ನಾನ. ಪ್ರಯೋಗಾಲಯದಿಂದ ಪಾರು ಮಾಡಿ ತಂದ ಜಲಜೀವಿಯನ್ನು ಆಕೆ ಬಚ್ಚಿಡುವುದೂ ಆ ಟಬ್ಬಿನಲ್ಲೇ. ಮುಂದೊಮ್ಮೆ ಬಾಗಿಲ ಸಂದಿಗೆ ಟವೆಲು ತುರುಕಿ ಬಚ್ಚಲನ್ನೇ ನೀರಿನಿಂದ ತುಂಬಿಸುತ್ತಾಳೆ. ಕಲಾ ನಿರ್ದೇಶಕ ಪಾಲ್ ಆಸ್ಟರ್‌ಬೆರಿ ಮತ್ತು ತಂಡ ಆಕೆಯ ಮನೆಗೆ ನೀರಿನಾಳದ ನೀಲಿ ಹಸಿರು ಕೊಟ್ಟಿತು. ಗೋಡೆಗಳಿಗೆ ತೇವ ಹಿಡಿದು ಸುಲಿದ ಮೈ ಕೊಟ್ಟಿತು. ಆ ಚಿತ್ರಕ್ಕೆ ನಿರ್ಮಾಣ ವಿನ್ಯಾಸದ ಆಸ್ಕರ್ ಬಂತು. ಪರರ ಬಚ್ಚಲು ತೊಳೆಯುವವಳಿಗೆ ಸ್ವಂತದ ಬಚ್ಚಲೇ ಅರಮನೆ ಎಂಬುದನ್ನು ಆ ಸೆಟ್ ಹೇಳುತ್ತದೆ.

ಹಂಡೆ ಒಲೆಯ ಬಚ್ಚಲು

ಇದೇ ಮೂರು ಪ್ರಶ್ನೆಗಳನ್ನು ನಮ್ಮ ಕಡೆಗೆ ತಿರುಗಿಸಿದರೆ? ನಾಳೆ ಯಾರಾದರೂ 1955ರ ಮಲೆನಾಡಿನ ಅಥವಾ ಹಳೆಯ ಮೈಸೂರಿನ ಮನೆಯೊಂದರ ಕಥೆಯನ್ನು ತೆರೆಗೆ ತರುವುದಾದರೆ ಬಚ್ಚಲು ಹೇಗಿರಬೇಕು?

ಮೊದಲನೆಯದಾಗಿ, ಸ್ನಾನ ಮತ್ತು ಶೌಚ ಒಂದೇ ಕೋಣೆಯಲ್ಲಿ ಇರಬಾರದು. ಅವೆರಡನ್ನೂ ಒಂದೇ ಸೂರಿನಡಿ ಕೂಡಿಸುವುದು ಪಶ್ಚಿಮದಿಂದ ಬಂದ ಪದ್ಧತಿ. ನಮ್ಮ ಬಚ್ಚಲಿನಲ್ಲಿ ಇದ್ದದ್ದು ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಮಸಿ ಹಿಡಿದ ಗೋಡೆ, ನೀರು ತೋಡುವ ಚೊಂಬು, ಕೂತು ಮೀಯುವ ಕಲ್ಲು, ಸೀಗೆಪುಡಿಯ ಡಬ್ಬಿ, ಎಣ್ಣೆ ಬಟ್ಟಲು. ಸ್ಥಿತಿವಂತರ ಮನೆಯಾದರೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಸ್ಯಾಂಡಲ್ ಸೋಪು. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆಯ ದೃಶ್ಯವಾದರೆ ಹಂಡೆಯನ್ನು ಥಳಥಳ ಬೆಳಗಿರಬೇಕು, ಅದರ ಕೊರಳಿಗೆ ಬಳ್ಳಿ ಸುತ್ತಿರಬೇಕು. ಬೆಳಕು ಬರುವುದು ಒಲೆಯ ಬೆಂಕಿಯಿಂದ ಮತ್ತು ಮೇಲಿನ ಒಂದು ಗವಾಕ್ಷಿಯಿಂದ. ಹೊಗೆಯಿಲ್ಲದೆ ಆ ಬಚ್ಚಲನ್ನು ಕಲ್ಪಿಸಿಕೊಳ್ಳಲಾಗದು.

ಮೂರನೆಯ ಪ್ರಶ್ನೆ ಇಲ್ಲಿಯೂ ಬಿಡುವುದಿಲ್ಲ. ಆಗಿನ ಪಟ್ಟಣಗಳ ಎಷ್ಟೋ ಮನೆಗಳ ಹಿತ್ತಲಿನಲ್ಲಿ ಶೌಚಕ್ಕೊಂದು ಗೂಡು, ಅದರ ಹಿಂದೆ ಓಣಿಗೆ ತೆರೆಯುವ ಕಿರುಬಾಗಿಲು ಇರುತ್ತಿತ್ತು. ಆ ಬಾಗಿಲು ಮನೆಯವರಿಗಾಗಿ ಇದ್ದದ್ದಲ್ಲ. ನಸುಕಿನಲ್ಲಿ ಬಂದು, ಮಲವನ್ನು ತಲೆಯ ಮೇಲೆ ಹೊತ್ತೊಯ್ಯುತ್ತಿದ್ದ ಮನುಷ್ಯರಿಗಾಗಿ ಇದ್ದದ್ದು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಮಟ್ಟದಲ್ಲಿ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನಷ್ಟು ಬಿಗಿಯಾದ ಮತ್ತೊಂದು ಕಾಯ್ದೆ ಬಂತು. ಹಂಡೆ, ಚೊಂಬು, ಸೀಗೆಪುಡಿಗಳನ್ನೆಲ್ಲ ಚೆಂದವಾಗಿ ಜೋಡಿಸಿ ಆ ಕಿರುಬಾಗಿಲನ್ನು ಬಿಟ್ಟರೆ ಸೆಟ್ ಸುಂದರವಾಗಿರಬಹುದು, ಸತ್ಯವಾಗಿರುವುದಿಲ್ಲ.

ಹಳೆಯ ಹಂಡೆಗಳು ಈಗ ಹೋಟೆಲುಗಳ ಮುಂಬಾಗಿಲಲ್ಲಿ ಹೂವಿನ ಕುಂಡಗಳಾಗಿ ಕುಳಿತಿವೆ. ಅಮೆರಿಕದಲ್ಲಿ ಉಳಿದಿರುವ ಗುಲಾಬಿ ಬಚ್ಚಲುಗಳನ್ನು ಒಡೆಯಬೇಡಿ ಎಂದು ಕೆಲವರು ಆಂದೋಲನವನ್ನೇ ನಡೆಸಿದ್ದಾರೆ. ಫೋಟೊ ತೆಗೆಯದ ಕೋಣೆ ಒಡೆದ ಮೇಲೆ ನೆನಪಿನಲ್ಲಷ್ಟೇ ಉಳಿಯುತ್ತದೆ, ನೆನಪಿದ್ದವರು ಹೋದ ಮೇಲೆ ಸಿನಿಮಾದ ಸೆಟ್ಟೇ ಸಾಕ್ಷಿ. ನಿಮ್ಮ ಊರಿನ ಮನೆಯಲ್ಲಿ ಹಂಡೆ ಒಲೆಯ ಬಚ್ಚಲು ಇನ್ನೂ ಇದ್ದರೆ, ಮು೦ದಿನ ರಿಪೇರಿಗೆ ಮೊದಲು ಅದರ ಒಂದು ಚಿತ್ರ ತೆಗೆದಿಡಿ. ಹಿತ್ತಲಿನ ಬಾಗಿಲನ್ನೂ ಸೇರಿಸಿ.